ನೆಟ್ಟ ನೋಟ, ಒಣಗಿದ ಕಣ್ಣು

ಕನ್ನಡದಲ್ಲಿ ಹೊತ್ತನ್ನು ಅಳೆಯಲು ಬಳಸುವ ‘ನಿಮಿಷ’ ಎಂಬ ಮಾತು ಮೂಲದಲ್ಲಿ ಕಣ್ಣಿಗೆ ಸೇರಿದುದು. ಸಂಸ್ಕೃತದ ‘ನಿಮಿಷ’, ‘ನಿಮೇಷ’ ಎಂಬ ರೂಪಗಳಿಗೆ ರೆಪ್ಪೆ ಮುಚ್ಚುವುದು ಎಂದೂ, ಅದಕ್ಕೆ ಹಿಡಿಯುವ ಅಲ್ಪಕಾಲ ಎಂದೂ ಅರ್ಥವಿದೆ. ಗಡಿಯಾರದ ಕಾಲದಲ್ಲಿ ಅದು 60 ಸೆಕೆಂಡುಗಳ ಅವಧಿಗೆ ಹೆಸರಾಗಿ ನೆಲೆನಿಂತಿತು. ವಿರಾಮವಾಗಿ ಕುಳಿತ ಮನುಷ್ಯ ಇಂತಹ ಒಂದು ನಿಮಿಷದಲ್ಲಿ ಸುಮಾರು 15ರಿಂದ 20 ಬಾರಿ ಎವೆಯಿಕ್ಕುತ್ತಾನೆ. ಅದೇ ಮನುಷ್ಯ ಓದಿನಲ್ಲಿ ಮುಳುಗಿದಾಗ, ಅದರಲ್ಲಿಯೂ ಗಣಕದ ಪರದೆಯನ್ನು ನೋಡುವಾಗ, ಈ ಸಂಖ್ಯೆ ಅರ್ಧಕ್ಕೂ ಕೆಳಗೆ ಇಳಿಯುವುದುಂಟು. ಓದುವವನಿಗೆ ಇದು ತಿಳಿಯುವುದಿಲ್ಲ, ಕಣ್ಣಿಗೆ ತಿಳಿಯುತ್ತದೆ.

ವ್ಯಾಕರಣದ ತರಗತಿಯಲ್ಲಿ ಆದೇಶಸಂಧಿಗೆ ಉದಾಹರಣೆಯಾಗಿ ಬರುವ ಇನ್ನೊಂದು ಪದ ‘ಕಂಬನಿ’. ಕಣ್ ಮತ್ತು ಪನಿ ಸೇರಿ ಕಂಬನಿಯಾಯಿತು ಎಂದು ವಿದ್ಯಾರ್ಥಿಗಳು ಬಿಡಿಸಿ ಬರೆಯುತ್ತಾರೆ. ಕಾವ್ಯದಲ್ಲಿ ಕಂಬನಿ ಬರುವುದು ಬಹುಮಟ್ಟಿಗೆ ಶೋಕದ ಜೊತೆಗೆ, ಇಲ್ಲವೆ ಭಕ್ತಿಯ, ಆನಂದದ ಜೊತೆಗೆ. ಆದರೆ ಅಳು ನಗುಗಳೊಂದೂ ಇಲ್ಲದ ಸಾಮಾನ್ಯ ಹೊತ್ತಿನಲ್ಲಿಯೂ ಕಣ್ಣಿನ ಮೇಲೆ ಹನಿಯ ತೆಳುವಾದ ಪದರವೊಂದು ಸದಾ ಹರಡಿಕೊಂಡಿರುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗದಷ್ಟು. ಪ್ರತಿಸಲ ಎವೆಯಿಕ್ಕಿದಾಗಲೂ ಆ ಪದರ ಹೊಸದಾಗಿ ಹರಡುತ್ತದೆ. ಎವೆಯಿಕ್ಕುವುದು ತಡವಾದರೆ ಅಲ್ಲಲ್ಲಿ ಹರಿದು ಕಣ್ಣಿನ ಮೈ ಗಾಳಿಗೆ ತೆರೆದುಕೊಳ್ಳುತ್ತದೆ. ವಯಸ್ಸಾದಂತೆ ಹಲವರನ್ನು ಕಾಡುವ ಉರಿ, ನವೆ, ಮರಳು ಬಿದ್ದಂತಹ ಚುಚ್ಚು, ಸಂಜೆಯ ಹೊತ್ತಿಗೆ ರೆಪ್ಪೆ ಭಾರವಾಗುವುದು ಇವೆಲ್ಲಕ್ಕೂ ಬಹಳ ಸಲ ಕಾರಣವಾಗುವುದು ಈ ಪದರದ ಕೊರತೆ ಅಥವಾ ಅದರ ಗುಣದ ಕೊರತೆ.

ಎವೆಯಿಕ್ಕದಿರುವುದನ್ನು ನಮ್ಮ ಪರಂಪರೆ ಉನ್ನತ ಸ್ಥಿತಿಯ ಲಕ್ಷಣವೆಂದು ಕಂಡಿದೆ. ದೇವತೆಗಳು ಅನಿಮಿಷರು. ದಮಯಂತಿಯ ಸ್ವಯಂವರದಲ್ಲಿ ನಾಲ್ವರು ದೇವತೆಗಳು ನಳನ ರೂಪವನ್ನೇ ಧರಿಸಿ ಕುಳಿತಾಗ, ನಿಜವಾದ ನಳನನ್ನು ಆಕೆಗೆ ತೋರಿಸಿಕೊಟ್ಟ ಗುರುತುಗಳಲ್ಲಿ ಅವನು ಎವೆಯಿಕ್ಕುತ್ತಿದ್ದುದೂ ಒಂದು. ಜೈನ ಪರಂಪರೆಯು ಕೇವಲಜ್ಞಾನಿಯ ಅತಿಶಯಗಳಲ್ಲಿ ರೆಪ್ಪೆ ಮಿಡುಕದಿರುವುದನ್ನೂ ಎಣಿಸುತ್ತದೆ. ಈ ಮಾತುಗಳ ನೆರಳು ನಮ್ಮ ವಿದ್ವತ್ತಿನ ಮೇಲೂ ಬಿದ್ದಿದೆ. ಒಬ್ಬರು ‘ಎವೆಯಿಕ್ಕದೆ ಓದಿದರು’ ಎಂದರೆ ಅದು ಹೊಗಳಿಕೆ. ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ತಮ್ಮ ಬೆನ್ನು, ಸೊಂಟ, ಕತ್ತುಗಳ ನೋವನ್ನು ಹೇಳಿಕೊಳ್ಳುವ ವಾಡಿಕೆಯ ಶ್ಲೋಕವೊಂದರಲ್ಲಿ ನೆಟ್ಟ ದೃಷ್ಟಿಯ ಪ್ರಸ್ತಾಪವೂ ಬರುತ್ತದೆ. ಅಲ್ಲಿ ಅದು ಹೆಮ್ಮೆಯ ಮಾತಲ್ಲ, ಶ್ರಮದ ಲೆಕ್ಕ. ಲಿಪಿಕಾರನಿಗೆ ತಿಳಿದಿದ್ದ ಈ ಶ್ರಮವನ್ನು ಇಂದಿನ ಸಂಶೋಧಕರು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಹೊಳೆನರಸೀಪುರದಲ್ಲಿ ನೆಲೆಸಿರುವ, ಪದವಿಪೂರ್ವ ತರಗತಿಗಳಿಗೆ ಕನ್ನಡ ಕಲಿಸಿ ನಿವೃತ್ತರಾದ 63 ವರ್ಷದ ಅಧ್ಯಾಪಕಿಯೊಬ್ಬರ ಅನುಭವ ಈ ದೃಷ್ಟಿಯಿಂದ ಗಮನಿಸತಕ್ಕದ್ದು. ಬಂಧುಗಳ ಮನೆಯ ಅಟ್ಟದಲ್ಲಿ ಉಳಿದಿದ್ದ ಓಲೆಗರಿಯ ಕಟ್ಟೊಂದರ ಪಾಠವನ್ನು ಅವರು ನಿವೃತ್ತಿಯ ಮರುವರ್ಷವೇ ಕೈಗೆತ್ತಿಕೊಂಡರು. ಗರಿಗಳ ಮೇಲಿನ ಧೂಳನ್ನು ಮೃದುವಾದ ಕುಂಚದಿಂದ ತೆಗೆದು, ನಿಂಬೆಹುಲ್ಲಿನ ಎಣ್ಣೆ ಸವರಿ, ಅಕ್ಷರಗಳ ಗೀರಿಗೆ ಕಾಡಿಗೆ ತುಂಬಿ, ಛಾಯಾಚಿತ್ರ ತೆಗೆಸಿಟ್ಟುಕೊಂಡರು. ಹಗಲು ಗರಿಯನ್ನು ನೋಡುವುದು, ಇರುಳು ಗಣಕದ ಪರದೆಯ ಮೇಲೆ ಅದರ ಚಿತ್ರವನ್ನು ಹಿಗ್ಗಿಸಿ ನೋಡುವುದು, ಎರಡನ್ನೂ ಹೋಲಿಸಿ ಬರೆದುಕೊಳ್ಳುವುದು: ಎರಡು ವರ್ಷ ಇದೇ ದಿನಚರಿ.

ಮೂರನೆಯ ವರ್ಷ ಕಣ್ಣು ಮುನಿಯಿತು. ಬೆಳಿಗ್ಗೆ ಎದ್ದಾಗ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು. ಅಂಚಿನಲ್ಲಿ ಗೀಜು ಒಣಗಿರುತ್ತಿತ್ತು. ಅರ್ಧ ಗಂಟೆ ಓದಿದರೆ ಸಾಲುಗಳು ಮಸುಕಾಗುತ್ತಿದ್ದವು, ಎರಡು ಬಾರಿ ಎವೆಯಿಕ್ಕಿದರೆ ಮತ್ತೆ ತಿಳಿಯಾಗುತ್ತಿದ್ದವು. ಬಸ್ಸಿನ ಕಿಟಕಿಯ ಬಳಿ ಕುಳಿತರೆ ದಾರಿಯುದ್ದಕ್ಕೂ ನೀರು ಸುರಿಯುತ್ತಿತ್ತು. ನೀರು ಸುರಿಯುವ ಕಣ್ಣನ್ನು ‘ಒಣಗಿದ ಕಣ್ಣು’ ಎಂದು ಯಾರು ತಾನೆ ಊಹಿಸಿಯಾರು? ಕನ್ನಡಕವನ್ನು ಎರಡು ಸಲ ಬದಲಾಯಿಸಿದ್ದೂ ಆಯಿತು. ಅರಕಲಗೂಡಿನಲ್ಲಿರುವ ಅಣ್ಣ, “ನಿನಗೂ ಅಮ್ಮನ ಹಾಗೆ ವಯಸ್ಸಾಯಿತು ಕಣಮ್ಮ, ಇನ್ನು ಸಾಕು ಮಾಡು” ಎಂದರು. ಅಕ್ಕರೆಯಿಂದ ಬಂದ ಆ ಮಾತು ಅವರಿಗೆ ತೀರ್ಪಿನಂತೆ ಕೇಳಿಸಿತು. ಗರಿಯ ಕಟ್ಟನ್ನು ಮತ್ತೆ ಕೆಂಪು ವಸ್ತ್ರದಲ್ಲಿ ಸುತ್ತಿ, ಹಿಂದಿರುಗಿಸುವುದಕ್ಕೆ ಒಳ್ಳೆಯ ದಿನ ನೋಡುವವರೆಗೂ ಮಾತು ಹೋಯಿತು.

ಅದಕ್ಕೆ ಮೊದಲು ಅವರು ಒಂದು ಕೆಲಸ ಮಾಡಿದರು. ಪಾಠಾಂತರಗಳನ್ನು ಗುರುತಿಸುವ ಅಭ್ಯಾಸವಿದ್ದುದರಿಂದಲೋ ಏನೋ, ಕಣ್ಣು ಎಲ್ಲಿ, ಯಾವಾಗ, ಹೇಗೆ ಇತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡತೊಡಗಿದರು. ನೆಂಟಸ್ತಿಕೆ, ಕೆಲಸಗಳ ನಿಮಿತ್ತ ಅವರ ಓಡಾಟ ಒಂದೇ ಜಿಲ್ಲೆಯ ನಾಲ್ಕು ಊರುಗಳ ನಡುವೆ. ಆರು ತಿಂಗಳ ಟಿಪ್ಪಣಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಆ ನಾಲ್ಕು ಊರುಗಳು ನಾಲ್ಕು ಪ್ರತಿಗಳಂತೆ ಬೇರೆ ಬೇರೆ ಪಾಠ ಕೊಟ್ಟವು.

ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಬೆಳೆ ಹೆಚ್ಚು. ರಾಮನಾಥಪುರದಲ್ಲಿ ತಂಬಾಕು ಹರಾಜಿನ ಮಾರುಕಟ್ಟೆಯೇ ಇದೆ. ಸೊಪ್ಪನ್ನು ಬ್ಯಾರನ್ನುಗಳಲ್ಲಿ ಸೌದೆಯ ಬೆಂಕಿಯ ಕಾವಿಗೆ ಹದಗೊಳಿಸುವ ದಿನಗಳಲ್ಲಿ ಅಣ್ಣನ ಮನೆಗೆ ಹೋದರೆ ಅರ್ಧ ದಿನದಲ್ಲಿ ಕಣ್ಣು ಕೆಂಪಾಗುತ್ತಿತ್ತು. ಚನ್ನರಾಯಪಟ್ಟಣದ ತಾಲ್ಲೂಕು ಬಯಲುಸೀಮೆಗೆ ಸೇರಿದ್ದು. ಮಾಗಿಯ ಒಣಗಾಳಿಯಲ್ಲಿ, ಶ್ರವಣಬೆಳಗೊಳದ ಬಂಡೆಯ ಬಿಸಿಲಿನಲ್ಲಿ ಉರಿ ಹೆಚ್ಚುತ್ತಿತ್ತು. ಹಾಸನದಲ್ಲಿ ಮಗಳ ಮನೆ. ಅಲ್ಲಿ ಧೂಳಿಲ್ಲ, ಹೊಗೆಯಿಲ್ಲ. ಆದರೂ ಕಣ್ಣು ಸೋಲುತ್ತಿತ್ತು. ಅಲ್ಲಿ ಗಣಕ ಎತ್ತರದ ಮೇಜಿನ ಮೇಲಿತ್ತು, ತಲೆಯ ಮೇಲೆ ಫ್ಯಾನು ಇಡೀ ರಾತ್ರಿ ತಿರುಗುತ್ತಿತ್ತು. ಹೊಳೆನರಸೀಪುರದಲ್ಲಿ, ಹೇಮಾವತಿ ತುಂಬಿ ಹರಿಯುವ ಮಳೆಗಾಲದ ತಿಂಗಳುಗಳಲ್ಲಿ, ಓದು ಅಷ್ಟೇ ಇದ್ದರೂ ಕಣ್ಣು ಬಹಳ ಮಟ್ಟಿಗೆ ತಾಳಿಕೊಳ್ಳುತ್ತಿತ್ತು. ವಯಸ್ಸು ನಾಲ್ಕು ಊರುಗಳಲ್ಲಿಯೂ ಒಂದೇ. ಹಾಗಿದ್ದರೆ ಊರಿನಿಂದ ಊರಿಗೆ ಬದಲಾಗುವ ಬಾಧೆಗೆ ವಯಸ್ಸೊಂದೇ ಕಾರಣವಾಗಲಾರದು. ಈ ಸರಳ ತರ್ಕವೇ ಅವರನ್ನು ಹಾಸನದ ಕಣ್ಣಿನ ವೈದ್ಯೆಯೊಬ್ಬರ ಬಳಿಗೆ ಕರೆದೊಯ್ದಿತು.

ವೈದ್ಯರ ಬಳಿಗೆ ಹೋಗುವ ಮುನ್ನ ಬಂದ ಸಲಹೆಗಳಿಗೂ ಕೊರತೆಯಿರಲಿಲ್ಲ. ಮಲಗುವಾಗ ಕಣ್ಣಿಗೆ ಹರಳೆಣ್ಣೆ ಬಿಡುವುದು, ನಂದಿಬಟ್ಟಲ ಹೂವನ್ನು ನೆನೆಸಿ ರೆಪ್ಪೆಯ ಮೇಲಿಡುವುದು, ಹೊನಗೊನ್ನೆ ಸೊಪ್ಪಿನ ಪಲ್ಯ ತಿನ್ನುವುದು, ಜೇನುತುಪ್ಪದ ಹನಿ ಹಾಕುವುದು, ಔಷಧದ ಅಂಗಡಿಯಲ್ಲಿ ಕೇಳಿ ‘ಕೆಂಪು ಇಳಿಸುವ’ ಹನಿ ತರುವುದು ಹೀಗೆ ನೆರೆಹೊರೆಯ ವೈದ್ಯ ಹಲವು ಬಗೆ. ಇವುಗಳಲ್ಲಿ ಸೊಪ್ಪಿನ ಪಲ್ಯದಿಂದ ಕೇಡಿಲ್ಲ. ತಣ್ಣನೆಯ ಹೂ ಮುಚ್ಚಿದ ರೆಪ್ಪೆಯ ಹೊರಗೆ ಕ್ಷಣಕಾಲ ಹಿತ ಕೊಡಬಹುದು. ಆದರೆ ಶುದ್ಧೀಕರಿಸದ ಯಾವ ವಸ್ತುವೇ ಆಗಲಿ, ಕಣ್ಣಿನ ಒಳಗೆ ಹೋದರೆ ಸೋಂಕಿಗೆ ದಾರಿ. ಔಷಧದ ಅಂಗಡಿಯ ಹನಿಗಳ ಅಪಾಯ ಇನ್ನೊಂದು ಬಗೆಯದು. ಸ್ಟೀರಾಯ್ಡ್ ಬೆರೆತ ಹನಿ ಎರಡು ದಿನದಲ್ಲಿ ಕೆಂಪು ಇಳಿಸಿ ಮೆಚ್ಚುಗೆ ಗಳಿಸುತ್ತದೆ. ವೈದ್ಯರ ಕಣ್ಗಾವಲಿಲ್ಲದೆ ತಿಂಗಳುಗಟ್ಟಲೆ ಬಳಸಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾಕ್ಕೂ, ಪೊರೆ ಬೆಳೆಯುವುದಕ್ಕೂ ಕಾರಣವಾಗಬಹುದು.

ಈ ಬಾಧೆಯನ್ನು ಪ್ರಾಚೀನರು ಗುರುತಿಸಿರಲಿಲ್ಲವೆಂದು ತಿಳಿಯಬೇಕಾಗಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವು 76 ಕಣ್ಣಿನ ರೋಗಗಳನ್ನು ಎಣಿಸುತ್ತದೆ. ಅವುಗಳಲ್ಲಿ ಒಂದರ ಹೆಸರು ಶುಷ್ಕಾಕ್ಷಿಪಾಕ. ರೆಪ್ಪೆ ಬಿರುಸಾಗುವುದು, ಕಣ್ಣು ತೆರೆಯಲು ಕಷ್ಟವಾಗುವುದು, ನೋಟ ಕಲಕಿದಂತಾಗುವುದು ಅದರ ಲಕ್ಷಣಗಳೆಂದು ಅಲ್ಲಿ ಹೇಳಿದೆ. ಕಣ್ಣು ಕೆಡುವ ಕಾರಣಗಳ ಪಟ್ಟಿಯಲ್ಲಿ ಹೊಗೆ, ನಿದ್ರೆಯ ಏರುಪೇರು, ಕಣ್ಣೀರನ್ನು ತಡೆಹಿಡಿಯುವುದು ಇವುಗಳ ಜೊತೆಗೆ ಸೂಕ್ಷ್ಮವಾದುದನ್ನು ದಿಟ್ಟಿಸಿ ನೋಡುವುದನ್ನೂ ಸೇರಿಸಿದೆ. ಓಲೆಗರಿ ಓದುವವರಿಗೂ ಕರಡು ತಿದ್ದುವವರಿಗೂ ಈ ಕೊನೆಯ ಕಾರಣ ತಮ್ಮನ್ನೇ ಕುರಿತು ಬರೆದಂತೆ ಕಂಡರೆ ಆಶ್ಚರ್ಯವಿಲ್ಲ. ವಾಗ್ಭಟನು ದಿನಚರಿಯ ಪ್ರಕರಣದಲ್ಲಿ ಕಣ್ಣಿಗೆ ಅಂಜನವನ್ನು ನಿತ್ಯಕರ್ಮವಾಗಿಯೇ ವಿಧಿಸುತ್ತಾನೆ. ಕಣ್ಣಿನ ಆರೈಕೆ ರೋಗ ಬಂದಾಗ ಮಾಡುವ ಉಪಚಾರವಷ್ಟೇ ಅಲ್ಲ, ಹಲ್ಲುಜ್ಜುವಂತೆ ದಿನವೂ ಮಾಡಬೇಕಾದುದು ಎಂಬ ತಿಳಿವಳಿಕೆ ಇಲ್ಲಿದೆ. ಅಂದಿನ ಅಂಜನವನ್ನು ಇಂದು ಹಾಗೆಯೇ ಅನುಸರಿಸಬೇಕಾಗಿಲ್ಲ. ದಿನವೂ ಎಂಬ ಆ ನಿಯಮ ಮಾತ್ರ ಇಂದಿಗೂ ಸಲ್ಲುತ್ತದೆ.

ಕರ್ನಾಟಕದ ಜೈನ ವೈದ್ಯಕ್ಕೆ ಬಂದರೆ 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯನ ‘ಕಲ್ಯಾಣಕಾರಕ’ ನೆನಪಾಗುತ್ತದೆ. ರಾಷ್ಟ್ರಕೂಟ ನೃಪತುಂಗನ ಕಾಲಕ್ಕೆ ಸೇರಿದ ಈ ಸಂಸ್ಕೃತ ಗ್ರಂಥವನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಯವರು ಸಂಪಾದಿಸಿ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿದರು. ಮದ್ಯ, ಮಾಂಸ, ಮಧು ಈ ಮೂರನ್ನೂ ಚಿಕಿತ್ಸೆಯಿಂದ ಹೊರಗಿಟ್ಟದ್ದು ಈ ಗ್ರಂಥದ ವೈಶಿಷ್ಟ್ಯ. ಆಯುರ್ವೇದದ ಅಂಜನಗಳಲ್ಲಿ ಜೇನುತುಪ್ಪದ ಬಳಕೆ ಹೇರಳವಾಗಿದ್ದ ಕಾಲದಲ್ಲಿ ಅದನ್ನು ಬಿಟ್ಟು ವೈದ್ಯವನ್ನು ಕಟ್ಟುವುದು ಸುಲಭದ ಕೆಲಸವಲ್ಲ. ಉಗ್ರಾದಿತ್ಯನ ಕಾರಣ ಅಹಿಂಸೆ. ಇಂದಿನ ನೇತ್ರವೈದ್ಯರು ಮನೆಯ ಜೇನುತುಪ್ಪವನ್ನು ಕಣ್ಣಿಗೆ ಬೇಡವೆನ್ನುವ ಕಾರಣ ಸೋಂಕಿನ ಭಯ. ಕಾರಣಗಳು ಬೇರೆಯಾದರೂ ತಲುಪಿದ ನಿಲುವು ಒಂದೇ.

ಹಾಸನದ ತಣ್ಣೀರುಹಳ್ಳದಲ್ಲಿರುವ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಮಹಾವಿದ್ಯಾಲಯದಂತಹ ಸಂಸ್ಥೆಗಳಲ್ಲಿ ಕಣ್ಣಿನ ಚಿಕಿತ್ಸೆ ‘ಶಾಲಾಕ್ಯ ತಂತ್ರ’ದ ಭಾಗವಾಗಿ ಇಂದಿಗೂ ಪಾಠವಾಗುತ್ತದೆ. ಕಣ್ಣಿನ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ತುಪ್ಪ ತುಂಬುವ ನೇತ್ರತರ್ಪಣ ಆ ಪದ್ಧತಿಯ ಪ್ರಸಿದ್ಧ ಉಪಚಾರ. ಅದು ಕಲಿತವರ ಕೈಯಲ್ಲಿ, ಆಸ್ಪತ್ರೆಯ ಶುಚಿಯಲ್ಲಿ ನಡೆಯತಕ್ಕದ್ದು. ಯಾರೋ ಹೇಳಿದರೆಂದು ಅಡುಗೆಮನೆಯ ತುಪ್ಪದಿಂದ ಮಾಡಿಕೊಳ್ಳತಕ್ಕದ್ದಲ್ಲ.

ಅಧ್ಯಾಪಕಿಗೆ ನಡೆದ ಪರೀಕ್ಷೆಗಳು ಎರಡು ಮುಖ್ಯವಾದವು. ಮೊದಲನೆಯದು ಷಿರ್ಮರ್ ಪರೀಕ್ಷೆ. ಜರ್ಮನಿಯ ಓಟೋ ಷಿರ್ಮರ್ 1903ರಲ್ಲಿ ವಿವರಿಸಿದ ಈ ಕ್ರಮದಲ್ಲಿ ಹೀರುಕಾಗದದ ಕಿರಿದಾದ ಪಟ್ಟಿಯನ್ನು ಕೆಳರೆಪ್ಪೆಯ ಒಳಗೆ ಸಿಕ್ಕಿಸಿ, 5 ನಿಮಿಷದಲ್ಲಿ ಅದು ಎಷ್ಟು ಮಿಲಿಮೀಟರು ಒದ್ದೆಯಾಗುತ್ತದೆ ಎಂದು ಅಳೆಯುತ್ತಾರೆ. 5 ಮಿಲಿಮೀಟರಿಗಿಂತ ಕಡಿಮೆಯಾದರೆ ನೀರಿನ ಕೊರತೆ ಸ್ಪಷ್ಟ. ಅವರದು 12 ಇತ್ತು. ಎರಡನೆಯದರಲ್ಲಿ ಫ್ಲೋರೆಸಿನ್ ಎಂಬ ಹಳದಿ ಬಣ್ಣವನ್ನು ಕಣ್ಣಿಗೆ ತಾಕಿಸಿ, ಒಮ್ಮೆ ಎವೆಯಿಕ್ಕಿ ನೇರವಾಗಿ ನೋಡುವಂತೆ ಹೇಳಿ, ಕಣ್ಣೀರಿನ ಪದರ ಎಷ್ಟು ಹೊತ್ತಿಗೆ ಹರಿಯುತ್ತದೆ ಎಂದು ನೀಲಿ ಬೆಳಕಿನಲ್ಲಿ ನೋಡಿದರು. 10 ಸೆಕೆಂಡು ನಿಲ್ಲಬೇಕಾದ ಪದರ ನಾಲ್ಕೇ ಸೆಕೆಂಡಿಗೆ ಹರಿಯುತ್ತಿತ್ತು. “ನಿಮ್ಮ ಕಣ್ಣಿನಲ್ಲಿ ನೀರಿಗೆ ಬರ ಇಲ್ಲ ಮೇಡಂ, ಎಣ್ಣೆಗೆ ಬರ” ಎಂದರು ವೈದ್ಯೆ.

ಓಲೆಗರಿಗೆ ಎಣ್ಣೆ ಸವರಿ ಪಳಗಿದ್ದವರಿಗೆ ಆ ಮಾತು ಕೂಡಲೇ ಅರ್ಥವಾಯಿತು. ಎಣ್ಣೆ ಕಾಣದ ಗರಿ ಒಣಗಿ ಸೀಳುತ್ತದೆ. ಕಣ್ಣೀರಿಗೂ ಹಾಗೆಯೇ ಎಣ್ಣೆಯ ಹೊದಿಕೆ ಬೇಕು. ರೆಪ್ಪೆಗಳ ಅಂಚಿನಲ್ಲಿ, ರೆಪ್ಪೆಗೂದಲಿನ ಬುಡದ ಒಳಬದಿಗೆ, ಸಾಲಾಗಿ ಸಣ್ಣ ಗ್ರಂಥಿಗಳಿವೆ. 17ನೆಯ ಶತಮಾನದ ಜರ್ಮನ್ ವೈದ್ಯ ಹೈನ್‌ರಿಖ್ ಮೈಬೋಮ್ 1666ರಲ್ಲಿ ಇವುಗಳನ್ನು ವಿವರಿಸಿದ್ದರಿಂದ ಇವುಗಳಿಗೆ ಮೈಬೋಮಿಯನ್ ಗ್ರಂಥಿಗಳೆಂದು ಹೆಸರು. ಪ್ರತಿಸಲ ಪೂರ್ತಿಯಾಗಿ ಎವೆಯಿಕ್ಕಿದಾಗ ಇವುಗಳಿಂದ ತುಸು ಜಿಡ್ಡು ಹೊರಬಂದು ಕಣ್ಣೀರಿನ ಮೇಲೆ ಹರಡಿ, ನೀರು ಆವಿಯಾಗದಂತೆ ತಡೆಯುತ್ತದೆ. ವಯಸ್ಸಾದಂತೆ ಈ ಜಿಡ್ಡು ಗಟ್ಟಿಯಾಗಿ ಗ್ರಂಥಿಗಳ ಬಾಯಿ ಕಟ್ಟಿಕೊಳ್ಳುವುದು ಸಾಮಾನ್ಯ. ಎವೆಯಿಕ್ಕುವುದೇ ಕಡಿಮೆಯಾದರೆ, ಅಥವಾ ಅರ್ಧಂಬರ್ಧ ಇಕ್ಕಿದರೆ, ಕಟ್ಟಿಕೊಳ್ಳುವುದು ಇನ್ನೂ ಬೇಗ. ಹೊದಿಕೆಯಿಲ್ಲದ ನೀರು ಆರಿಹೋಗುತ್ತದೆ. ಆರಿದ ಕಣ್ಣು ಉರಿದು, ಗಾಬರಿಬಿದ್ದಂತೆ ಒಮ್ಮೆಗೇ ನೀರು ಸುರಿಸುತ್ತದೆ. ಆ ನೀರಿನಲ್ಲಿ ಎಣ್ಣೆಯಿಲ್ಲದ್ದರಿಂದ ಅದೂ ನಿಲ್ಲುವುದಿಲ್ಲ. ಬಸ್ಸಿನ ಕಿಟಕಿಯ ಬಳಿ ಸುರಿಯುತ್ತಿದ್ದ ನೀರಿನ ರಹಸ್ಯ ಇಷ್ಟೇ.

ಪರಿಹಾರವೂ ಬೆರಗು ಹುಟ್ಟಿಸುವಂಥದ್ದೇನಲ್ಲ. ಸ್ವಚ್ಛವಾದ ಬಟ್ಟೆಯನ್ನು ಹಿತವಾದ ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಗಳ ಮೇಲೆ 5ರಿಂದ 10 ನಿಮಿಷ ಇಟ್ಟುಕೊಳ್ಳುವುದು. ಬಟ್ಟೆ ಬೇಗ ಆರುವುದರಿಂದ ನಡುನಡುವೆ ಮತ್ತೆ ಬಿಸಿಮಾಡಿಕೊಳ್ಳಬೇಕು. ರೆಪ್ಪೆಯ ಚರ್ಮ ತೆಳುವಾದುದರಿಂದ ಸುಡುವಷ್ಟು ಕಾವು ಕೂಡದು. ಕಾವಿಗೆ ಗಟ್ಟಿಯಾದ ಜಿಡ್ಡು ಕರಗುತ್ತದೆ. ಆಮೇಲೆ ತೊಳೆದ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಮೆಲ್ಲಗೆ ನೀವಿ, ಅಂಚನ್ನು ಒರೆಸಿ ಶುಚಿಮಾಡುವುದು. ಹಗಲಿನಲ್ಲಿ ಕೃತಕ ಕಣ್ಣೀರಿನ ಹನಿ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಥವಾ ಹೈಯಲುರೊನೇಟ್ ಇರುವ ಹನಿಗಳು ಸಾಮಾನ್ಯವಾಗಿ ಬಳಕೆಯಲ್ಲಿವೆ. ದಿನಕ್ಕೆ 4 ಬಾರಿಗಿಂತ ಹೆಚ್ಚು ಹಾಕಿಕೊಳ್ಳಬೇಕಾದವರು ಬೆಂಜಾಲ್ಕೋನಿಯಂ ಕ್ಲೋರೈಡ್‌ನಂತಹ ಸಂರಕ್ಷಕ ಇಲ್ಲದ ಹನಿಯನ್ನು ಆರಿಸಿಕೊಳ್ಳುವುದು ಮೇಲು. ಸಂರಕ್ಷಕವೇ ಪದೇ ಪದೇ ತಾಕಿದರೆ ಕಣ್ಣನ್ನು ಕೆರಳಿಸುತ್ತದೆ. ಸೀಸೆ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡುವುದು, ಅದರ ತುದಿ ರೆಪ್ಪೆಗೆ ತಾಕದಂತೆ ನೋಡಿಕೊಳ್ಳುವುದು ಇವು ಸಣ್ಣ ಸಂಗತಿಗಳಾದರೂ ಅಲಕ್ಷಿಸತಕ್ಕವಲ್ಲ. ಮೀನೆಣ್ಣೆಯ ಗುಳಿಗೆಗಳನ್ನು ಹಲವರು ಸೂಚಿಸುತ್ತಾರೆ. ಆದರೆ ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಒಮೆಗಾ-3 ಗುಳಿಗೆ ನುಂಗಿದವರಿಗೂ ಹೋಲಿಕೆಗಾಗಿ ಆಲಿವ್ ಎಣ್ಣೆಯ ಗುಳಿಗೆ ನುಂಗಿದವರಿಗೂ ದೊರೆತ ಶಮನದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮೀನು ಮುಟ್ಟದ ಸಸ್ಯಾಹಾರಿಗಳು ಆ ಬಗ್ಗೆ ಕೊರಗಬೇಕಾಗಿಲ್ಲ.

ಉಳಿದದ್ದು ಓದುವ ಕ್ರಮದ ಬದಲಾವಣೆ. ಶ್ರವಣಬೆಳಗೊಳದ ಗೊಮ್ಮಟನ ಕಣ್ಣುಗಳನ್ನು ನೋಡಿದವರು ಅವು ಅರೆತೆರೆದು ಕೆಳಮುಖವಾಗಿರುವುದನ್ನು ಬಲ್ಲರು. ಧ್ಯಾನದ ಈ ಭಂಗಿಗೆ ಅಧ್ಯಾತ್ಮದ ಅರ್ಥವಿದೆ. ಅದನ್ನು ಶರೀರಶಾಸ್ತ್ರಕ್ಕೆ ಇಳಿಸಬೇಕಾಗಿಲ್ಲ. ಆದರೆ ನೋಟ ಕೆಳಗಿದ್ದಾಗ ರೆಪ್ಪೆ ಇಳಿದು ಕಣ್ಣಿನ ಮೈ ಗಾಳಿಗೆ ತೆರೆದುಕೊಳ್ಳುವುದು ಕಡಿಮೆಯಾಗುತ್ತದೆ, ಕಣ್ಣೀರು ಆರುವುದು ನಿಧಾನವಾಗುತ್ತದೆ ಎಂಬುದು ನಿಜ. ನೆಲದ ಮೇಲೆ ಕುಳಿತು, ಠವಣೆಕೋಲಿನ ಮೇಲೆ ಗ್ರಂಥವನ್ನಿಟ್ಟು, ಕೆಳಗೆ ನೋಡುತ್ತ ಓದುತ್ತಿದ್ದ ಹಳೆಯ ಕ್ರಮ ಈ ಮಟ್ಟಿಗೆ ಕಣ್ಣಿಗೆ ಹಿತವಾಗಿತ್ತು. ಗಣಕದ ಪರದೆ ಕಣ್ಣಿನ ಮಟ್ಟಕ್ಕೋ ಅದಕ್ಕಿಂತ ಮೇಲಕ್ಕೋ ಇದ್ದರೆ ಕಣ್ಣು ಅಗಲವಾಗಿ ತೆರೆದೇ ಇರುತ್ತದೆ. ಅಧ್ಯಾಪಕಿ ಹಾಸನದ ಮಗಳ ಮನೆಯಲ್ಲಿ ಗಣಕವನ್ನು ತಗ್ಗಿಗೆ ಇಳಿಸಿದರು, ಮಂಚವನ್ನು ಫ್ಯಾನಿನ ಕೆಳಗಿನಿಂದ ಸರಿಸಿದರು. ಅರಕಲಗೂಡಿಗೆ ಬ್ಯಾರನ್ನಿನ ಬೆಂಕಿ ಆರಿದ ಮೇಲೆ ಹೋಗತೊಡಗಿದರು. ಚನ್ನರಾಯಪಟ್ಟಣದ ಬಿಸಿಲಿಗೆ ಬದಿ ಮುಚ್ಚುವ ಕನ್ನಡಕ ಕೊಂಡರು. ಒಂದು ಗರಿಯ ಒಂದು ಮಗ್ಗುಲು ಮುಗಿದೊಡನೆ ಓದು ನಿಲ್ಲಿಸಿ, ಹತ್ತು ಬಾರಿ ರೆಪ್ಪೆಗಳು ಒಂದನ್ನೊಂದು ಪೂರ್ತಿ ತಾಕುವಂತೆ ಎವೆಯಿಕ್ಕಿ, ಕಿಟಕಿಯಾಚೆಯ ತೆಂಗಿನ ತಲೆಯನ್ನು ನೋಡುವುದು ಅವರ ಹೊಸ ನಿಯಮ.

ಶಮನ ಒಂದು ವಾರದಲ್ಲಿ ಬರಲಿಲ್ಲ. ಮೊದಲ ತಿಂಗಳು ಬೆಳಗಿನ ಅಂಟು ಕಡಿಮೆಯಾಯಿತು. ಮೂರನೆಯ ತಿಂಗಳ ಹೊತ್ತಿಗೆ ಒಂದೂವರೆ ಗಂಟೆ ನೆಮ್ಮದಿಯಿಂದ ಓದುವಂತಾಯಿತು. ಶಾಖವನ್ನು ನಾಲ್ಕು ದಿನ ಬಿಟ್ಟರೆ ಉರಿ ಮರಳುತ್ತದೆ. ಇದು ವಾಸಿಯಾಗಿ ಮರೆತುಬಿಡುವ ಕಾಯಿಲೆಯಲ್ಲ, ಜೊತೆಗಿಟ್ಟುಕೊಂಡು ಸಂಭಾಳಿಸುವ ಸ್ಥಿತಿ.

ಕಣ್ಣಿನ ಆರೋಗ್ಯದ ಬಗೆಗೆ ಕರ್ನಾಟಕದ ಹಳ್ಳಿಗಳಲ್ಲಿ ಎಚ್ಚರ ಮೂಡಿಸಿದವರಲ್ಲಿ ಡಾ. ಎಂ. ಸಿ. ಮೋದಿಯವರ ಹೆಸರು ಮುಖ್ಯವಾದುದು. ಅವರ ಉಚಿತ ಶಸ್ತ್ರಚಿಕಿತ್ಸೆಯ ಶಿಬಿರಗಳ ನೆನಪು ಹಿರಿಯರಲ್ಲಿ ಇನ್ನೂ ಹಸಿರಾಗಿದೆ. ಪೊರೆಗೆ ಶಿಬಿರವಿದೆ, ಶಸ್ತ್ರವಿದೆ, ಪಟ್ಟಿ ಬಿಚ್ಚಿದಾಗ ಬೆಳಕು ಕಾಣುವ ಸಂಭ್ರಮವಿದೆ. ಒಣಗಿದ ಕಣ್ಣಿಗೆ ಇಂತಹ ಸಂಭ್ರಮದ ಗಳಿಗೆ ಇಲ್ಲ. ಹೊರಗಿನವರಿಗೆ ಕಾಣದ, ಕುರುಡಾಗಿಸದ, ಆದರೆ ದಿನವೂ ಕಾಡುವ ಬಾಧೆಯಾದ್ದರಿಂದ ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ಅದು ಮುಚ್ಚಿಹೋಗುತ್ತದೆ. ಹೆಣ್ಣುಮಕ್ಕಳಲ್ಲಿ, ಮುಟ್ಟು ನಿಂತ ಮೇಲೆ, ಇದು ಗಂಡಸರಿಗಿಂತ ಹೆಚ್ಚು. ಅಲರ್ಜಿಗೆ, ಖಿನ್ನತೆಗೆ ನುಂಗುವ ಕೆಲವು ಗುಳಿಗೆಗಳೂ ಕಣ್ಣನ್ನು ಒಣಗಿಸುತ್ತವೆ. ಪೊರೆಯ ಶಸ್ತ್ರಚಿಕಿತ್ಸೆಯ ನಂತರವೂ ಕೆಲವು ತಿಂಗಳು ಹೀಗಾಗುವುದುಂಟು. ಕಣ್ಣಿನ ಜೊತೆಗೆ ಬಾಯಿಯೂ ಒಣಗಿ ಕೀಲುಗಳು ನೋಯುತ್ತಿದ್ದರೆ, ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ 1933ರಲ್ಲಿ ವಿವರಿಸಿದ, ಅವರ ಹೆಸರನ್ನೇ ಹೊತ್ತ ರೋಗವಿರಬಹುದು. ಅದಕ್ಕೆ ಬೇರೆಯೇ ತಪಾಸಣೆ ಬೇಕು. ತೀವ್ರವಾದ ನೋವು, ಬೆಳಕು ಸಹಿಸದಿರುವುದು, ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ಎವೆಯಿಕ್ಕಿದರೂ ತಿಳಿಯಾಗದ ಮಂಜು, ಹಠಾತ್ತನೆ ನೋಟ ಕುಂದುವುದು ಇವು ಒಣಕಣ್ಣಿನ ಮಾಮೂಲು ಲಕ್ಷಣಗಳಲ್ಲ. ಅವು ಕಂಡ ದಿನವೇ ವೈದ್ಯರನ್ನು ಕಾಣಬೇಕು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ವೃತ್ತಾಂತದಲ್ಲಿ ಇನ್ನೂ ಒಂದು ಸಂಗತಿ ಮುಖ್ಯವಾಗಿ ತೋರಬೇಕು. ಬರಹವನ್ನು ಮತ್ತೆ ಮತ್ತೆ ನೋಡುವುದರಿಂದ ಏನು ದೊರೆಯುತ್ತದೆ ಎಂಬುದಕ್ಕೆ ಇದೇ ಜಿಲ್ಲೆಯಲ್ಲಿ ಒಳ್ಳೆಯ ನಿದರ್ಶನವಿದೆ. 1889ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿದ್ದ ಶಾಸನಗಳು 144, ಆರ್. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಪರಿಷ್ಕೃತ ಸಂಪುಟದಲ್ಲಿ ಅವು 500 ಆದವು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573. ಬೆಟ್ಟ ಅದೇ, ಬಂಡೆ ಅದೇ. ಮತ್ತೊಮ್ಮೆ ಹೋಗಿ ನೋಡುವ ಕಣ್ಣುಗಳಿದ್ದುದರಿಂದ ಸಂಖ್ಯೆ ಬೆಳೆಯಿತು.

ಹೊಳೆನರಸೀಪುರದ ಅಧ್ಯಾಪಕಿಯೂ ಗರಿಯ ಕಟ್ಟನ್ನು ಹಿಂದಿರುಗಿಸಲಿಲ್ಲ; ಮೊದಲಿನಿಂದ ಮತ್ತೆ ನೋಡಲು ಕುಳಿತರು. ಹಿಂದಿನ ಎರಡು ವರ್ಷಗಳ ಟಿಪ್ಪಣಿಯಲ್ಲಿ ‘ಅಸ್ಪಷ್ಟ’ ಎಂದು ಗುರುತಿಸಿದ್ದ ಜಾಗಗಳು ನೂರಕ್ಕೂ ಮೇಲಿದ್ದವು. ಹಳೆಯ ಬರಹದಲ್ಲಿ ಪ, ವ, ಷ ಅಕ್ಷರಗಳು ಒಂದನ್ನೊಂದು ಹೋಲುವುದರಿಂದ ಲಿಪಿಕಾರನ ಕೈ ತಪ್ಪಿರಬೇಕೆಂದು, ಇಲ್ಲವೆ ಗರಿ ಸವೆದಿರಬೇಕೆಂದು ಆಗ ಊಹಿಸಲಾಗಿತ್ತು. ಈಗ ಬೆಳಗಿನ ಹೊತ್ತು, ತಿಳಿಯಾದ ಕಣ್ಣಿನಿಂದ, ಗರಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ ಅವುಗಳಲ್ಲಿ ಬಹುಪಾಲು ಜಾಗಗಳಲ್ಲಿ ಗೀರು ಸ್ಪಷ್ಟವಾಗಿಯೇ ಇತ್ತು. ಮಸುಕು ಗರಿಯದಾಗಿರಲಿಲ್ಲ, ನಾಲ್ಕು ಸೆಕೆಂಡಿಗೆ ಹರಿದುಹೋಗುತ್ತಿದ್ದ ಕಣ್ಣೀರಿನ ಪದರದ್ದಾಗಿತ್ತು. ಟಿಪ್ಪಣಿಯ ಹಾಳೆಗಳಲ್ಲಿ ‘ಅಸ್ಪಷ್ಟ’ ಎಂಬ ಗುರುತಿನ ಎದುರು ಎರಡನೆಯ ಓದಿನ ದಿನಾಂಕ, ಹೊತ್ತು, ದೊರೆತ ಪಾಠ ಇವು ಮೂರನ್ನೂ ಬರೆಯುವ ಕ್ರಮವನ್ನು ಅವರು ಇಟ್ಟುಕೊಂಡರು.

ಪಾಠದೋಷಗಳಿಗೆ ಕಾರಣಗಳನ್ನು ಎಣಿಸುವಾಗ ಗ್ರಂಥಸಂಪಾದನೆಯ ಶಾಸ್ತ್ರ ಲಿಪಿಕಾರನ ಅಜಾಗ್ರತೆ, ಲಿಪಿಸಾಮ್ಯ, ಪ್ರತಿಯ ಶಿಥಿಲತೆ ಇವುಗಳನ್ನು ಹೇಳುತ್ತದೆ. ಸಂಪಾದಕನ ಕಣ್ಣಿನ ಸ್ಥಿತಿಯನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳುವುದು ಯುಕ್ತ. ಪ್ರತಿಯ ಮೇಲೆ ಹೊರಿಸುವ ದೋಷ ತನ್ನದಲ್ಲವೆಂದು ಖಚಿತಪಡಿಸಿಕೊಳ್ಳಲು, ಕೆಲವು ಸಲ, ಹತ್ತು ಬಾರಿ ನೆಮ್ಮದಿಯಾಗಿ ಎವೆಯಿಕ್ಕಿ ಮತ್ತೊಮ್ಮೆ ನೋಡಿದರೆ ಸಾಕಾಗುತ್ತದೆ.